ಕಾವಿಗೆ ಕೂರುವ ಹೇಂಟೆ

ನಿಮ್ಮ ಮನೆಯಂಗಳದಲ್ಲಿ ಕೋಳಿಗಳಿದ್ದರೆ ಒಮ್ಮೆ ಅವುಗಳ ಕಾಲನ್ನು ಗಮನಿಸಿ ನೋಡಿ. ಹಳದಿಯಾಗಿವೆಯೇ? ಹಾಗಿದ್ದರೆ ಆ ಬಣ್ಣ ಬಂದದ್ದು ನಮ್ಮ ಕಾಡಿನಿಂದ.

ಲೋಕದ ಸಾಕುಕೋಳಿಗಳೆಲ್ಲ ಕೆಂಪು ಕಾಡುಕೋಳಿಯೊಂದರಿಂದಲೇ ಹುಟ್ಟಿಬಂದವು ಎಂದು ಡಾರ್ವಿನ್ ಭಾವಿಸಿದ್ದ. ಬಹುಮಟ್ಟಿಗೆ ಅದು ಸರಿ. ಆದರೆ ಕೆಂಪು ಕಾಡುಕೋಳಿಯ ಚರ್ಮ ಹಳದಿಯಲ್ಲ. ಹಾಗಾದರೆ ಸಾಕುಕೋಳಿಗೆ ಹಳದಿ ಕಾಲು ಎಲ್ಲಿಂದ ಬಂತು? ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2008ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಹಳದಿ ಚರ್ಮಕ್ಕೆ ಕಾರಣವಾದ ವಂಶವಾಹಿ ಬೂದು ಕಾಡುಕೋಳಿಯಿಂದ ಸೇರಿಕೊಂಡದ್ದು. ಈ ಹಕ್ಕಿ ಇರುವುದು ಭಾರತದ ದಕ್ಷಿಣ ಮತ್ತು ಪಶ್ಚಿಮ ಭಾಗದ ಕಾಡುಗಳಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಂಚಿನ ಮನೆಗಳಲ್ಲಿ ಬೆಳಗಿನ ಜಾವ ಕಿವಿಗೊಟ್ಟರೆ ಅಂಗಳದ ಹುಂಜದ ಕೂಗಿನ ಜೊತೆಗೆ ಇದರ ಕೂಗೂ ಕೇಳುತ್ತದೆ. (ಕಾನೂನಿನ ರಕ್ಷಣೆ ಇರುವ ಹಕ್ಕಿ ಇದು, ಹಿಡಿಯುವುದು, ಕೊಲ್ಲುವುದು ಅಪರಾಧ.)

ಇಂತಹ ನಂಟುಳ್ಳ ನೆಲದಲ್ಲೇ ಊರುಕೋಳಿ ಎಂಬ ಹಕ್ಕಿ ಈಗ ಸದ್ದಿಲ್ಲದೆ ಕರಗುತ್ತಿದೆ.

ಬಣ್ಣ ನೋಡಿ ಮೋಸಹೋಗಬೇಡಿ

ಚಿತ್ರೀಕರಣಕ್ಕೆಂದು ನಗರ ಸೀಮೆಯ ಒಂದು ಮನೆಗೆ ನಮ್ಮ ತಂಡ ಹೋಗಿತ್ತು. ಅಂಗಳದಲ್ಲಿ ಕೆಂಪು, ಕಪ್ಪು, ಬೂದುಚುಕ್ಕಿ, ಹೀಗೆ ನಾನಾ ಬಣ್ಣದ ಕೋಳಿಗಳು. ಒಳ್ಳೆಯ ನಾಟಿಕೋಳಿಗಳೆಂದು ನಾನು ಹೊಗಳಿದೆ. ಮನೆಯ ಅಜ್ಜಿ ನಕ್ಕುಬಿಟ್ಟರು. "ಬಣ್ಣ ಕಂಡು ಹೇಳ್ತೀರಲ್ಲ ಮಾರಾಯ್ರೆ. ಇದ್ರಲ್ಲಿ ಕಾವಿಗೆ ಕೂರೋದು ಎರಡೇ ಎರಡು ಹೇಂಟೆ. ಉಳಿದದ್ದೆಲ್ಲ ಮೊಟ್ಟೆ ಇಟ್ಟು ಮರೆತು ಹೋಗ್ತವೆ" ಎಂದರು. ವಿಜ್ಞಾನ ಓದಿದ ನನಗೆ ಆ ಅಜ್ಜಿ ಒಂದೇ ಮಾತಿನಲ್ಲಿ ಇಡೀ ವಿಷಯವನ್ನು ಹೇಳಿಕೊಟ್ಟರು.

ಕಾವು ಎಂದರೇನು?

ಊರುಕೋಳಿ ಹತ್ತು ಹದಿನೈದು ಮೊಟ್ಟೆ ಇಟ್ಟ ಮೇಲೆ ಅದರ ಮಿದುಳಿನ ಬುಡದಲ್ಲಿರುವ ಗ್ರಂಥಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತದೆ. ಗೂಡಿನಲ್ಲಿ ಮೊಟ್ಟೆಗಳನ್ನು ಕಾಣುವುದು, ಅವು ಹೊಟ್ಟೆಗೆ ತಾಗುವುದು ಇದಕ್ಕೆ ಪ್ರಚೋದನೆ. ಅಂಡಾಶಯ ಕುಗ್ಗುತ್ತದೆ, ಮೊಟ್ಟೆಯಿಡುವುದು ನಿಲ್ಲುತ್ತದೆ. ಹೇಂಟೆ ಮೈಯುಬ್ಬಿಸಿ ಗೂಡಿಗೆ ಅಂಟಿ ಕೂರುತ್ತದೆ. ಮುಂದೆ 21 ದಿನ ದಿನಕ್ಕೆ ಅಲ್ಪ ಹೊತ್ತು ಮಾತ್ರ ಎದ್ದು ನೀರು, ಕಾಳು ಮುಗಿಸಿ ಓಡಿಬರುತ್ತದೆ. ಮೊಟ್ಟೆಗಳನ್ನು ಹಲವು ಬಾರಿ ಕೊಕ್ಕಿನಿಂದ ಮಗುಚುತ್ತದೆ. ಸುಮಾರು 37ರಿಂದ 38 ಡಿಗ್ರಿ ಶಾಖ ಕಾಯ್ದುಕೊಳ್ಳುತ್ತದೆ. ಮರಿ ಮಾಡುವ ಯಂತ್ರ ವಿದ್ಯುತ್ತಿನಿಂದ ಮಾಡುವ ಕೆಲಸವೂ ಇದೇ.

ಆಮೇಲೆ ಹೂಮರಿಗಳ ಪಾಲನೆ. ಗೆದ್ದಲು ಕೆದಕಿ ತೋರಿಸುವುದು, ಗಿಡುಗ ಕಂಡಾಗ ಕೂಗಿ ರೆಕ್ಕೆಯಡಿಗೆ ಕರೆಯುವುದು, ಮುಂಗುಸಿಗೆ ಎದುರಾಗುವುದು ಎಲ್ಲ ತಾಯಿಯದೇ. ಇಷ್ಟೆಲ್ಲ ಮುಗಿಯಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಆದ್ದರಿಂದ ವರ್ಷಕ್ಕೆ ಮೂರು ನಾಲ್ಕು ಸರತಿ, ಸುಮಾರು 50 ಮೊಟ್ಟೆ ಅಷ್ಟೇ. ಫಾರಂ ಕೋಳಿ 300 ಮೊಟ್ಟೆ ಇಡುವುದು ಹೇಗೆ? ತಲೆಮಾರುಗಳ ಆಯ್ಕೆಯಿಂದ ಅದರ ಕಾವಿನ ಗುಣವನ್ನೇ ತೆಗೆದುಹಾಕಲಾಗಿದೆ. ಊರುಕೋಳಿ ಸೋಮಾರಿಯಲ್ಲ, ಅದು ತಾಯ್ತನಕ್ಕೆ ಸಮಯ ಕೊಡುತ್ತದೆ.

ಒಂದು ಹುಂಜದ ಲೆಕ್ಕ

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ರೂಪಿಸಿದ ಗಿರಿರಾಜ, ಆನಂತರ ಬಂದ ಸ್ವರ್ಣಧಾರಾ ತಳಿಗಳು ಹಿತ್ತಿಲ ಸಾಕಣೆಗೆಂದೇ ಬಂದವು. ಬೇಗ ಬೆಳೆಯುತ್ತವೆ, ಊರುಕೋಳಿಗಿಂತ ಹೆಚ್ಚು ಮೊಟ್ಟೆ ಕೊಡುತ್ತವೆ, ಅನೇಕ ಮನೆಗಳಿಗೆ ಆದಾಯ ತಂದಿವೆ. ಅವುಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಅವು ಸುಧಾರಿತ ಸಂಕರ ಕೋಳಿಗಳು. ಮರಿ ಬೇಕಾದಾಗ ಮತ್ತೆ ಕೇಂದ್ರಕ್ಕೇ ಹೋಗಬೇಕು.

ತೊಂದರೆ ಹುಟ್ಟುವುದು ಇಂತಹ ಹುಂಜವನ್ನು ಊರ ಹೇಂಟೆಗಳ ನಡುವೆ ಬಿಟ್ಟಾಗ. ಲೆಕ್ಕ ಹಾಕಿ ನೋಡಿ. ಮೊದಲ ವರ್ಷದ ಮರಿಯಲ್ಲಿ ಊರುಕೋಳಿಯ ಪಾಲು ಅರ್ಧ. ಆ ಮರಿ ಬೆಳೆದು, ಹೊರಗಿನಿಂದ ತಂದ ಹುಂಜದೊಂದಿಗೇ ಕೂಡಿದರೆ ಎರಡನೆಯ ವರ್ಷ ಕಾಲುಭಾಗ. ಮೂರನೆಯ ವರ್ಷ ಎಂಟರಲ್ಲಿ ಒಂದೇ ಪಾಲು! ನೂರಾರು ವರ್ಷ ಅಂಗಳದಲ್ಲಿ ಉಳಿದುಬಂದದ್ದು ಮೂರು ಮಳೆಗಾಲದಲ್ಲಿ ತೆಳುವಾಗುತ್ತದೆ. ಬಣ್ಣ ಹಾಗೇ ಇರುವುದರಿಂದ ನಮಗದು ತಿಳಿಯುವುದೂ ಇಲ್ಲ.

ಕಡಕ್‌ನಾಥ್ ಕೋಳಿಯ ಹೆಸರು ಕೇಳಿದ್ದೀರಿ. ಮಧ್ಯಪ್ರದೇಶದ ಝಾಬುವಾದ ಈ ಕಪ್ಪು ಕೋಳಿಯ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ನಮ್ಮ ಮಲೆನಾಡು ಗಿಡ್ಡ ದನವೂ ದೇಶದ ತಳಿಗಳ ಪಟ್ಟಿಯಲ್ಲಿ ಸೇರಿದೆ. ಅಂಗಳದ ಕೋಳಿಗೆ ಅಂತಹ ಹೆಸರಿನ ಬಲವಿಲ್ಲ. ಅದನ್ನು ಉಳಿಸುವವರು ಸಾಕುವವರೇ.

ರುಚಿಯ ಗುಟ್ಟು

ಕಡುಬಿಗೆ ಊರುಕೋಳಿ ಸಾರೇ ಆಗಬೇಕೆನ್ನುವವರ ಮಾತು ಬರಿಯ ಹಟವಲ್ಲ. ಬ್ರಾಯ್ಲರ್ ಕೋಳಿ ಆರು ವಾರಕ್ಕೆ ಎರಡು ಕಿಲೋ ತೂಗುತ್ತದೆ. ಊರುಕೋಳಿ ಒಂದು, ಒಂದೂಕಾಲು ಕಿಲೋ ಆಗಲು ಐದಾರು ತಿಂಗಳು ಬೇಕು. ಅಷ್ಟು ಕಾಲ ಓಡಿ, ಕೆದಕಿ, ಮರ ಹತ್ತಿದ ಸ್ನಾಯುವಿನಲ್ಲಿ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ಗಟ್ಟಿಯಾಗಿರುತ್ತದೆ. ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಿಸಿದಾಗ ಅದು ಕರಗಿ ಜಿಲಾಟಿನ್ ಆಗಿ ಸಾರಿಗೆ ಮೈ ಕೊಡುತ್ತದೆ. ಅವಸರದ ಅಡುಗೆಗೆ ಈ ಕೋಳಿ ಒಗ್ಗುವುದಿಲ್ಲ. ಹೋಟೆಲಿನ ಬಾಣಸಿಗರೂ ಇದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಆ ಬೆಲೆಯ ಆಸೆಗೇ ಬಣ್ಣದ ಸಂಕರ ಕೋಳಿಯನ್ನು 'ನಾಟಿ' ಎಂದು ಮಾರುವುದೂ ನಡೆದಿದೆ. ಒಂದು ಪೇಟೆಯಲ್ಲಿ ನಾನೇ ಹಾಗೆ ಮೋಸಹೋಗಿದ್ದೇನೆ. ಅರ್ಧ ಗಂಟೆಯಲ್ಲಿ ಮಾಂಸ ಕಲಸಿಹೋದಾಗ ಗೊತ್ತಾಯಿತು!

ನೀವೇನು ಮಾಡಬಹುದು?

ಸಂಕರ ಕೋಳಿ ಸಾಕಿ, ಆದರೆ ಬೇಲಿ ಹಾಕಿ ಬೇರೆಯಾಗಿ ಸಾಕಿ. ಊರ ಹೇಂಟೆಗಳಿಗೆ ಊರ ಹುಂಜವೇ ಇರಲಿ. ಒಂದೇ ಹುಂಜ ವರ್ಷಗಟ್ಟಲೆ ಉಳಿದರೆ ಹತ್ತಿರದ ರಕ್ತಸಂಬಂಧದಿಂದ ಮರಿಗಳು ಸೊರಗುತ್ತವೆ. ಆದ್ದರಿಂದ ಪಕ್ಕದ ಹಳ್ಳಿಯ ನೆಂಟರೊಂದಿಗೆ ಹುಂಜ ಬದಲಾಯಿಸಿಕೊಳ್ಳಿ. ಇಡೀ ಒಡ್ಡಿಯನ್ನೇ ಬರಿದು ಮಾಡುವ ಕೊಕ್ಕರೆ ರೋಗಕ್ಕೆ ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಒಮ್ಮೆ, ಎಂಟನೆಯ ವಾರದ ಸುಮಾರಿಗೆ ಇನ್ನೊಮ್ಮೆ. ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಕೊನೆಯದಾಗಿ ಒಂದು ಮಾತು. ಮೊಟ್ಟೆ ನಿಂತಿತೆಂಬ ಬೇಸರದಿಂದ ಕಾವಿಗೆ ಕೂತ ಹೇಂಟೆಯನ್ನು ತಣ್ಣೀರಿನಲ್ಲಿ ಅದ್ದಿ ಎಬ್ಬಿಸುವ ಪದ್ಧತಿಯಿದೆ. ನೆಂಟರು ಬಂದಾಗ ಮೊದಲು ಕೈಗೆ ಸಿಗುವುದೂ ಕೂತಲ್ಲಿಂದ ಏಳದ ಅದೇ ಹೇಂಟೆ. ಹನ್ನೆರಡು ಮರಿ ಮಾಡಿ ಎಂಟನ್ನಾದರೂ ದೊಡ್ಡದು ಮಾಡುವ ಹೇಂಟೆ ನಿಮ್ಮಲ್ಲಿದ್ದರೆ ಅದನ್ನು ಸಾರಿಗೆ ಕಳಿಸಬೇಡಿ. ಆ ಅಜ್ಜಿಯ ಮನೆಯಲ್ಲಿ ಉಳಿದಿದ್ದ ಎರಡು ಹೇಂಟೆಗಳಲ್ಲಿ ಒಂದು, ನಾವು ಹೊರಟಾಗ, ಅಟ್ಟದ ಮೂಲೆಯ ಬುಟ್ಟಿಯಲ್ಲಿ ಕಾವಿಗೆ ಕೂತಿತ್ತು. ಅದನ್ನು ಏಳಿಸಬಾರದೆಂದು ಅಜ್ಜಿ ನಮ್ಮ ದೀಪಗಳನ್ನು ಆ ಕಡೆ ತಿರುಗಿಸಲು ಬಿಡಲಿಲ್ಲ.