ರಟ್ಟಿನ ಗಣಕಯಂತ್ರ

ಹಳೆಯ ಗಡಿಯಾರದ ಬೆನ್ನನ್ನು ತೆರೆದು ನೋಡಿದರೆ ಅದು ನಡೆಯುವ ಬಗೆ ಕಣ್ಣಿಗೆ ಕಾಣುತ್ತದೆ. ಹಲ್ಲಿನ ಚಕ್ರವೊಂದು ಮತ್ತೊಂದನ್ನು ತಳ್ಳುತ್ತದೆ, ಮುಳ್ಳು ಸರಿಯುತ್ತದೆ. ಗಣಕಯಂತ್ರದ ಒಡಲನ್ನು ತೆರೆದರೆ ಹಾಗೇನೂ ಕಾಣದು. ಅಲ್ಲಿ ನಡೆಯುವುದೆಲ್ಲ ವಿದ್ಯುತ್ತಿನ ಕೆಲಸ. ಅದರ ವೇಗವಾದರೋ ಕಣ್ಣಿಗೆ ನಿಲುಕದ್ದು. ಕಾಣದ ವಸ್ತುವನ್ನು ಕುರಿತು ಜನರ ಕಲ್ಪನೆ ಬಲುಬೇಗ ಗರಿಗೆದರುತ್ತದೆ. ಈ ಯಂತ್ರದೊಳಗೆ ಯಾರೋ ಕುಳಿತು ಯೋಚಿಸುತ್ತಿರುವರೇನೋ ಎಂಬ ಭ್ರಮೆ ಹುಟ್ಟುವುದು ಹೀಗೆ.

1968ರಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದ ಡೇವಿಡ್ ಹೇಗಲ್‌ಬಾರ್ಗರ್ ಮತ್ತು ಸಾಲ್ ಫಿಂಗರ್‌ಮನ್ ಎಂಬವರು ಪ್ರೌಢಶಾಲೆಯ ವಿದ್ಯಾರ್ಥಿಗಳಿಗಾಗಿ ಒಂದು ಗಣಕಯಂತ್ರವನ್ನು ರೂಪಿಸಿದರು. ಆಗ ಗಣಕಯಂತ್ರಗಳು ಕೋಣೆಯನ್ನೇ ತುಂಬುವಷ್ಟು ದೊಡ್ಡವು; ಶಾಲೆಯ ಮಕ್ಕಳ ಕೈಗೆ ಎಟಕುವಂಥವಲ್ಲ. ಇವರ ಯಂತ್ರವಾದರೋ ಬರಿಯ ರಟ್ಟಿನದು. ಅದಕ್ಕೆ ‘ಕಾರ್ಡಿಯಾಕ್’ ಎಂದು ಹೆಸರು. ಇಂಗ್ಲಿಷಿನಲ್ಲಿ ಆ ಪದಕ್ಕೆ ‘ಹೃದಯಕ್ಕೆ ಸಂಬಂಧಿಸಿದ್ದು’ ಎಂಬ ಅರ್ಥವುಂಟು. ‘ಕಾರ್ಡ್‌ಬೋರ್ಡ್’ ಎಂಬ ಮಾತು ಆ ಶ್ಲೇಷೆಗೆ ಅವಕಾಶ ಕೊಟ್ಟಿತು. ಅದರಲ್ಲಿ ತಂತಿಯಿಲ್ಲ, ವಿದ್ಯುತ್ತಿಲ್ಲ. ಅದನ್ನು ನಡೆಸುವುದು ಮಗುವಿನ ಕೈ, ಪೆನ್ಸಿಲು ಮತ್ತು ರಬ್ಬರು.

ರಟ್ಟಿನ ಒಂದು ಬದಿಯಲ್ಲಿ 00ಯಿಂದ 99ರವರೆಗೆ ನೂರು ಚಿಕ್ಕ ಕೋಶಗಳಿವೆ. ಇವೇ ಯಂತ್ರದ ಸ್ಮರಣೆ. ಪ್ರತಿಯೊಂದು ಕೋಶದಲ್ಲಿಯೂ ಮೂರು ಅಂಕಿಗಳ ಸಂಖ್ಯೆಯೊಂದನ್ನು ಬರೆಯಬಹುದು. ಕೋಶದ ಪಕ್ಕದ ರಂಧ್ರಕ್ಕೆ ಸಿಕ್ಕಿಸಲು ರಟ್ಟಿನ ಹುಳುವೊಂದಿದೆ. ಯಂತ್ರವು ಈಗ ಯಾವ ಕೋಶವನ್ನು ಓದಬೇಕೆಂದು ತೋರಿಸುವುದು ಅದರ ಕೆಲಸ. ಲೆಕ್ಕ ಮಾಡಲು ಬೇರೆ ಸ್ಥಳವುಂಟು, ಅದು ಸಂಚಾಯಕ. ಕೋಶದಲ್ಲಿರುವ ಮೂರು ಅಂಕಿಗಳಿಗೆ ಅನುಗುಣವಾಗಿ ರಟ್ಟಿನ ಪಟ್ಟಿಗಳನ್ನು ಸರಿಸಿದರೆ, ಮಾಡಬೇಕಾದ ಕೆಲಸವು ಕಿಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಮೊದಲನೆಯ ಅಂಕಿ ಕೆಲಸವನ್ನೂ ಉಳಿದೆರಡು ಕೋಶವನ್ನೂ ಸೂಚಿಸುತ್ತವೆ. 231 ಎಂದರೆ ‘31ನೆಯ ಕೋಶದಲ್ಲಿರುವುದನ್ನು ಸಂಚಾಯಕಕ್ಕೆ ಕೂಡು’ ಎಂದರ್ಥ. ಎರಡು ಸಂಖ್ಯೆಗಳನ್ನು ಕೂಡಿಸಲು 030, 031, 130, 231, 632, 532, 900 ಎಂಬ ಏಳು ಆದೇಶಗಳು ಬೇಕು. ಒಂದನ್ನು ಒಳಗೆ ತಾ, ಇನ್ನೊಂದನ್ನು ತಾ, ಸಂಚಾಯಕವನ್ನು ಅಳಿಸಿ ಮೊದಲನೆಯದನ್ನು ಇಡು, ಎರಡನೆಯದನ್ನು ಕೂಡು, ಮೊತ್ತವನ್ನು ಬರೆದಿಡು, ಹೊರಗೆ ತೋರಿಸು, ನಿಲ್ಲು. ಬಾಯಲ್ಲೇ ಹೇಳಬಹುದಾದ ಲೆಕ್ಕಕ್ಕೆ ಇಷ್ಟು ಪರದಾಟ!

ಇಲ್ಲೊಂದು ಸೋಜಿಗವಿದೆ. ಆದೇಶವೂ ಮೂರು ಅಂಕಿ, ಲೆಕ್ಕದ ಸಂಖ್ಯೆಯೂ ಮೂರು ಅಂಕಿ. ಇದು ಇಂಥದೆಂದು ಕೋಶದ ಮೇಲೆ ಗುರುತಿಲ್ಲ. ಹುಳು ಅಲ್ಲಿಗೆ ಬಂದರೆ ಅದು ಆದೇಶ, ಬಾರದಿದ್ದರೆ ಬರಿಯ ಸಂಖ್ಯೆ. ‘ನಿಲ್ಲು’ ಎಂಬುದನ್ನು ಬರೆಯಲು ಮರೆತಿದ್ದರೆ ಹುಳು ಮುಂದಿನ ಕೋಶಕ್ಕೆ ಸಾಗುತ್ತದೆ. ಅಲ್ಲಿರುವ 702 ಎಂಬುದು ಯಾವುದೋ ಹಳ್ಳಿಯ ಜನಸಂಖ್ಯೆಯಾಗಿರಬಹುದು. ಯಂತ್ರಕ್ಕೆ ಅದರ ಗೊಡವೆಯಿಲ್ಲ; ‘02ನೆಯ ಕೋಶದಲ್ಲಿರುವುದನ್ನು ಕಳೆ’ ಎಂದೇ ಅದು ತಿಳಿಯುತ್ತದೆ. ತಪ್ಪೆಂದು ಗೊತ್ತಿದ್ದರೂ ಮಗು ಕಳೆಯಲೇಬೇಕು, ಏಕೆಂದರೆ ಈಗ ಮಗುವೇ ಯಂತ್ರ.

ಯಂತ್ರದ ನಿರ್ಧಾರಶಕ್ತಿ ಎಂಬುದೂ ಇಲ್ಲಿ ಬಯಲಾಗುತ್ತದೆ. 3ರಿಂದ ತೊಡಗುವ ಆದೇಶವು, ಸಂಚಾಯಕದಲ್ಲಿ ಋಣಸಂಖ್ಯೆಯಿದ್ದರೆ ಮಾತ್ರ ಹುಳುವನ್ನು ಬೇರೊಂದು ಕೋಶಕ್ಕೆ ಕಳುಹಿಸುತ್ತದೆ. ಇಲ್ಲವಾದರೆ ಹುಳು ನೇರವಾಗಿ ಸಾಗುತ್ತದೆ. ಇದಕ್ಕಿಂತ ಹೆಚ್ಚಿನ ವಿವೇಚನೆ ಅದಕ್ಕಿಲ್ಲ. ಆದರೆ ಇಷ್ಟರಿಂದಲೇ ಹುಳುವನ್ನು ಮತ್ತೆ ಮತ್ತೆ ಹಿಂದಕ್ಕೆ ಸುತ್ತಿಸಿ, ಕೂಡುವುದನ್ನೇ ಪುನರಾವರ್ತಿಸಿ, ಗುಣಾಕಾರವನ್ನು ಸಾಧಿಸಬಹುದು. ಕೈಯಿಂದ ಮಾಡಿದರೆ ಒಂದೇ ಕೋಶವನ್ನು ಅಳಿಸಿ ಅಳಿಸಿ ಕಾಗದ ಸವೆಯುತ್ತದೆ. ಇಂದಿನ ಗಣಕಯಂತ್ರವು ಇಂಥ ಹೆಜ್ಜೆಗಳನ್ನು ಕ್ಷಣವೊಂದರಲ್ಲಿ ಕೋಟಿಗಟ್ಟಲೆ ಇಡುತ್ತದೆ.

ಈ ಆಟಿಕೆಯನ್ನು ಮನೆಯಲ್ಲಿಯೂ ಮಾಡಿಕೊಳ್ಳಬಹುದು. ಲೆಕ್ಕದ ಪುಸ್ತಕದ ಹಾಳೆಯಲ್ಲಿ ನೂರು ಮನೆಗಳನ್ನು ಗೀಚಿ, ಆದೇಶಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡರಾಯಿತು. ಹುಳುವಿನ ಸ್ಥಾನಕ್ಕೆ ಒಂದು ಹುಣಸೆಬೀಜ ಸಾಕು.