ಕೊಂಡ ಗಾಲಿ, ಕಟ್ಟಿಸಿದ ಗಾಲಿ

ಎತ್ತಿನ ಗಾಡಿಯ ಗಾಲಿ ಭಾರವನ್ನು ಹೇಗೆ ಹೊರುತ್ತದೆಂದು ಕೇಳಿದರೆ ಉತ್ತರ ಸುಲಭ. ಗುಂಬದ ಕೆಳಗಿರುವ ಮರದ ಅರ ಕಂಬದಂತೆ ನಿಂತು ಹೊರುತ್ತದೆ. ಸೈಕಲ್ಲಿನ ಗಾಲಿಗೆ ಈ ಉತ್ತರ ಸಲ್ಲದು. ಅದರ ಕಡ್ಡಿಯ ದಪ್ಪ ಎರಡೇ ಮಿಲಿಮೀಟರು. ನೆಲಕ್ಕೆ ಊರಿ ಮೇಲಿನಿಂದ ಒತ್ತಿದರೆ ಬಾಗಿಹೋಗುತ್ತದೆ. ಆದರೂ ಅಂಥ ಕಡ್ಡಿಗಳನ್ನು ನಂಬಿ ತೊಂಬತ್ತು ಕಿಲೋ ತೂಗುವ ಮನುಷ್ಯ ಊರಿಂದೂರಿಗೆ ಹೋಗಿಬರುತ್ತಾನೆ. ಈ ಒಗಟು ಬಿಡಿಸಿಕೊಂಡರೆ, ಗಾಲಿಯನ್ನು ಸಿದ್ಧವಾಗಿ ಕೊಳ್ಳಬೇಕೆ, ಕೈಪಳಗಿದವನಿಂದ ಕಟ್ಟಿಸಬೇಕೆ ಎಂಬ ಪ್ರಶ್ನೆಯೂ ಅರ್ಧ ಬಿಡಿಸಿದಂತೆ. ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆಂದು ಕೇಳಬಹುದು. ಬಿಗಿದು ಕಟ್ಟಿದ ತಂತಿಯ ವಿಚಾರವಿದು. ತಂಬೂರಿಯ ಶ್ರುತಿಯನ್ನು ಕೇಳಬಲ್ಲವರಿಗೆ ತೀರ ಪರಕೀಯವಾದುದಲ್ಲ.

ಕಡ್ಡಿ ಒತ್ತಡವನ್ನು ತಾಳದು, ಎಳೆತವನ್ನು ತಾಳುತ್ತದೆ. ಹಾರುವ ಯಂತ್ರದ ಕನಸು ಕಾಣುತ್ತಿದ್ದ ಇಂಗ್ಲೆಂಡಿನ ಜಾರ್ಜ್ ಕೇಲಿ, ಅದಕ್ಕೊಂದು ಹಗುರವಾದ ಗಾಲಿ ಬೇಕೆಂದು 1808ರಲ್ಲಿಯೇ ಈ ಉಪಾಯವನ್ನು ಯೋಚಿಸಿದ್ದನು. ಕಡ್ಡಿಗಳನ್ನು ನಡುವಿನ ಹಬ್‌ನಿಂದ ಓರೆಯಾಗಿ ಹೊರಡಿಸಿ ಹೆಣೆಯುವ ಕ್ರಮಕ್ಕೆ 1874ರಲ್ಲಿ ಜೇಮ್ಸ್ ಸ್ಟಾರ್ಲಿ ಪೇಟೆಂಟ್ ಪಡೆದನು. ನಮ್ಮ ಬೀದಿಯ ಸೈಕಲ್ಲುಗಳಲ್ಲಿ ಇಂದಿಗೂ ಕಾಣುವುದು ಆ ಹೆಣಿಗೆಯೇ. ಚೆನ್ನಾಗಿ ಕಟ್ಟಿದ ಗಾಲಿಯಲ್ಲಿ ಒಂದೊಂದು ಕಡ್ಡಿಯೂ ಸುಮಾರು 100 ಕಿಲೋ ತೂಕ ತೂಗುಹಾಕಿದಷ್ಟು ಬಿಗಿಯಲ್ಲಿರುತ್ತದೆ. 32 ಕಡ್ಡಿಗಳೆಂದರೆ, ನಿಶ್ಶಬ್ದವಾಗಿ ಗೋಡೆಗೊರಗಿ ನಿಂತ ಗಾಲಿಯ ಒಡಲಿನಲ್ಲಿ ಮೂರು ಟನ್ನಿನ ಸೆಳೆತ! ಸವಾರ ಏರಿದಾಗ ನೆಲದ ಬಳಿಯ ಕೆಲವೇ ಕಡ್ಡಿಗಳ ಬಿಗಿ ಸ್ವಲ್ಪ ಇಳಿಯುತ್ತದೆ. ಉಳಿದವು ಹೆಚ್ಚು ಕಡಿಮೆ ಇದ್ದಂತೆಯೇ ಇರುತ್ತವೆ. ಹೊರುವುದೆಂದರೆ ಇಲ್ಲಿ ಬಿಗಿಯನ್ನು ಸ್ವಲ್ಪ ಬಿಟ್ಟುಕೊಡುವುದು. ಅಮೆರಿಕದ ಇಂಜಿನಿಯರ್ ಯೋಬ್ಸ್ಟ್ ಬ್ರಾಂಟ್ 1981ರಲ್ಲಿ ಪ್ರಕಟಿಸಿದ 'ದಿ ಬೈಸಿಕಲ್ ವ್ಹೀಲ್' ಎಂಬ ಪುಸ್ತಕದಲ್ಲಿ ಇದನ್ನು ವಿಶದವಾಗಿ ವಿವರಿಸಿದ್ದಾನೆ.

ಗಾಲಿಯ ಸುತ್ತಳತೆ ಸುಮಾರು 2.1 ಮೀಟರು. ಒಂದು ಕಿಲೋಮೀಟರು ಸಾಗುವಷ್ಟರಲ್ಲಿ ಪ್ರತಿಯೊಂದು ಕಡ್ಡಿಯೂ 475 ಬಾರಿ ಸಡಿಲಿಸಿ ಬಿಗಿಯುತ್ತದೆ. ಮೊದಲೇ ಸಾಕಷ್ಟು ಬಿಗಿಯಿದ್ದರೆ ಈ ಏರಿಳಿತ ಅದಕ್ಕೆ ಲೆಕ್ಕಕ್ಕಿಲ್ಲ. ಬಿಗಿ ಕಡಿಮೆಯಾದರೆ ಕಡ್ಡಿ ಪೂರ್ಣ ಸಡಿಲವಾಗಿ, ಹಬ್‌ನ ಬಳಿಯ ಬಾಗಿನಲ್ಲಿ ಅಲುಗಿ ಅಲುಗಿ ದಣಿದು ಒಂದು ದಿನ ಕಡಿಯುತ್ತದೆ. ದುರಂತವೆಂದರೆ, ಬಿಗಿ ಸಾಲದ ಗಾಲಿಯೂ ಅಂಗಡಿಯಲ್ಲಿ ಓಲಾಡದೆ ನೆಟ್ಟಗೆ ತಿರುಗುತ್ತದೆ. ಬೆಂಡು ಇಲ್ಲದಿರುವುದು ಬೇರೆ, ಬಿಗಿ ಸಮನಾಗಿರುವುದು ಬೇರೆ. ಕಣ್ಣಿಗೆ ಕಾಣುವುದು ಮೊದಲನೆಯದು ಮಾತ್ರ.

ಅಗ್ಗದ ಯಂತ್ರದ ಗಾಲಿಗಳ ಕೊರತೆ ಸಾಮಾನ್ಯವಾಗಿ ಇರುವುದು ಇಲ್ಲಿ. ಯಂತ್ರಕ್ಕೆ ಅವಸರ, ಓಲಾಟ ನಿಂತೊಡನೆ ಅದರ ಕೆಲಸ ಮುಗಿಯಿತು. ಬಲ್ಲ ಕೆಲಸಗಾರನಾದರೋ ಸುತ್ತು ಸುತ್ತಿಗೆ ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತಾನೆ. ಜೋಡಿ ಕಡ್ಡಿಗಳನ್ನು ಅಂಗೈಯಲ್ಲಿ ಹಿಂಡಿ, ಅವು ತಮ್ಮ ಜಾಗದಲ್ಲಿ ಚೆನ್ನಾಗಿ ಕೂರುವಂತೆ ಮಾಡಿ ಮತ್ತೆ ಸರಿಪಡಿಸುತ್ತಾನೆ. ಒಂದೇ ಪಕ್ಕದ ಕಡ್ಡಿಗಳನ್ನು ಬೆರಳಿನಿಂದ ಮೀಟಿ ಕೇಳುವವರೂ ಉಂಟು. ಉದ್ದ, ದಪ್ಪ ಒಂದೇ ಆದಲ್ಲಿ ಸ್ವರವೂ ಒಂದೇ ಆಗಬೇಕು. ಒಂದು ಕಡ್ಡಿ ಅಪಸ್ವರ ನುಡಿದರೆ ಬಿಗಿ ತಪ್ಪಿದೆಯೆಂದು ಅರ್ಥ. ಹಾಗೆಂದು 'ಕೈಯಲ್ಲಿ ಕಟ್ಟಿದ್ದು' ಎಂಬ ಮಾತಿಗೇ ಮರುಳಾಗಬೇಕಿಲ್ಲ. ಅರೆಕಲಿತ ಕೈಗಿಂತ ಒಳ್ಳೆಯ ಯಂತ್ರವೇ ಮೇಲು.

ಕಾರ್ಖಾನೆಯ ಗಾಲಿಗೂ ತನ್ನದೇ ಹೆಚ್ಚುಗಾರಿಕೆಯಿದೆ. 1990ರ ದಶಕದಿಂದೀಚೆಗೆ ಫ್ರಾನ್ಸಿನ ಮಾವಿಕ್, ಇಟಲಿಯ ಕ್ಯಾಂಪಗ್ನೋಲೋ, ಜಪಾನಿನ ಶಿಮಾನೋ ಮೊದಲಾದ ಕಂಪನಿಗಳು ರಿಮ್, ಹಬ್, ಕಡ್ಡಿಗಳನ್ನು ಒಂದಕ್ಕೊಂದು ಹೊಂದುವಂತೆ ರೂಪಿಸಿ, ಹದಿನಾರು ಇಪ್ಪತ್ತು ಕಡ್ಡಿಗಳಲ್ಲೇ ಗಾಲಿ ಮಾಡಿಕೊಟ್ಟವು. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುವುದರಿಂದ ಪಂದ್ಯಗಾರನಿಗೆ ಅದು ದೊಡ್ಡ ಲಾಭ. ಆದರೂ 1896ರಲ್ಲಿ ಆರಂಭವಾದ ಪ್ಯಾರಿಸ್–ರೂಬೆ ಪಂದ್ಯದ ಸುಮಾರು 55 ಕಿಲೋಮೀಟರು ಕಲ್ಲುಹಾಸಿನ ದಾರಿಗಾಗಿ, ಉಳಿದ ದಿನಗಳಲ್ಲಿ ಕಾರ್ಖಾನೆಯ ಗಾಲಿ ಬಳಸುತ್ತಿದ್ದ ತಂಡಗಳೂ ಬಹುಕಾಲ 32 ಕಡ್ಡಿಯ ಅಲ್ಯುಮಿನಿಯಂ ಗಾಲಿಗಳನ್ನು ಕಟ್ಟಿಸುತ್ತಿದ್ದವು. 2010ರಲ್ಲಿ ಫಾಬಿಯಾನ್ ಕಾನ್ಸೆಲಾರಾ ಕಾರ್ಬನ್ ರಿಮ್ಮಿನ ಗಾಲಿಯ ಮೇಲೆ ಅಲ್ಲಿ ಗೆದ್ದನು. ಈಗ ಆ ಹಳೆಯ ಪದ್ಧತಿ ಉಳಿದಿಲ್ಲ. ಒಂದು ಮಾತನ್ನು ಮಾತ್ರ ಮರೆಯುವಂತಿಲ್ಲ. ಅಂಥ ಪಂದ್ಯದಲ್ಲಿ ಗಾಲಿ ಕೆಟ್ಟರೆ ಬೇರೊಂದನ್ನು ಕೊಡಲು ಹಿಂದೆ ಕಾರು ಬರುತ್ತಿರುತ್ತದೆ.

ನನ್ನ ಸೋದರಳಿಯನ ಹಿಂದೆ ಯಾವ ಕಾರೂ ಬರುವುದಿಲ್ಲ. ಅವನದು 'ಬ್ರೆವೆ' ಎಂಬ ದೂರದ ಸವಾರಿ. 600 ಕಿಲೋಮೀಟರನ್ನು 40 ಗಂಟೆಯೊಳಗೆ ಮುಗಿಸಬೇಕು. ಅರ್ಧ ದಾರಿಯನ್ನೂ ಮೀರಿದ ಮೇಲೆ, ಚಿತ್ರದುರ್ಗದ ಆಚೆ, ಅವನ ಹಿಂದಿನ ಗಾಲಿಯ 24 ಕಡ್ಡಿಗಳಲ್ಲಿ ಒಂದು ಕಡಿಯಿತು. ಕಡ್ಡಿ ಕಡಿಮೆಯಿದ್ದಷ್ಟೂ ಒಂದರ ಸಾವು ಉಳಿದವಕ್ಕೆ ಭಾರ. ರಿಮ್ ಬಳುಕಿ ಬ್ರೇಕಿಗೆ ಉಜ್ಜತೊಡಗಿತು. ಹಳ್ಳಿಯ ಸೈಕಲ್ ಅಂಗಡಿಯಲ್ಲಿ ಕಡ್ಡಿಗಳ ಕಟ್ಟೇ ಇತ್ತು. ಆದರೆ ಇವನ ಗಾಲಿಗೆ ಬೇಕಾದದ್ದು ತುದಿಯಲ್ಲಿ ಬಾಗಿಲ್ಲದ, ಚಪ್ಪಟೆಯಾದ, ಅದನ್ನು ಮಾಡಿದ ಕಂಪನಿಯೇ ಕೊಡಬೇಕಾದ ಕಡ್ಡಿ. "ಮಾವ, ವರ್ಷದ ಅಭ್ಯಾಸ ಒಂದು ಕಡ್ಡಿಗಾಗಿ ಬಸ್ಸು ಹತ್ತಿತು" ಎಂದ.

ಅವನು ಕೇಳಿದಾಗ ನಾನು ಹೇಳಿದ್ದಿಷ್ಟು. ಹಿಂದಿನ ಗಾಲಿಗೆ ಭಾರ ಹೆಚ್ಚು. ಅಲ್ಲದೆ ಬಲಗಡೆ ಗೇರುಗಳಿಗೆ ಜಾಗ ಬಿಡಬೇಕಾದುದರಿಂದ ಎರಡು ಪಕ್ಕದ ಬಿಗಿ ಸಮನಾಗಿರದು. ಎಡಗಡೆಯದು ಬಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಹೆಚ್ಚು. ಹಣ ಹಾಕುವುದಾದರೆ ಅಲ್ಲಿ ಹಾಕಬೇಕು. ಎಲ್ಲೆಡೆ ಸಿಗುವ ಬಾಗಿನ ಕಡ್ಡಿ, ಸಾದಾ ಹಬ್, 32 ತೂತಿನ ರಿಮ್. ಮುಂದೆ ರಿಮ್ ಸವೆದರೆ ಅದನ್ನಷ್ಟೇ ಬದಲಿಸಿ ಹಬ್ ಉಳಿಸಿಕೊಳ್ಳಬಹುದು. ಅಷ್ಟು ಹಣವಿಲ್ಲದವರು ಸಾಮಾನ್ಯ ಬಿಡಿಭಾಗಗಳ ಯಂತ್ರದ ಗಾಲಿಯನ್ನೇ ಕೊಂಡು, ಬಲ್ಲವನ ಕೈಯಲ್ಲಿ ಬಿಗಿ ಸರಿಮಾಡಿಸಿಕೊಂಡರೂ ಆದೀತು.

ಅವನು ಹಿಂದಿನದನ್ನು ಮಾತ್ರ ಕಟ್ಟಿಸಿದ. ಮುಂದಿನದು ಕೊಂಡದ್ದೇ ಇದೆ. ಬಲಗಡೆಗೂ ಎಡಗಡೆಗೂ ಕಡ್ಡಿಯ ಉದ್ದ ಬೇರೆಯಾದುದರಿಂದ ಎರಡು ಅಳತೆಯ ಬಿಡಿ ಕಡ್ಡಿಗಳನ್ನು, ಗೇರು ಬಿಚ್ಚುವ ಸಣ್ಣ ಸಲಕರಣೆಯೊಂದನ್ನು ಸೈಕಲ್ಲಿನ ಚೌಕಟ್ಟಿಗೇ ಕಟ್ಟಿಕೊಂಡು ಹೊರಡುತ್ತಾನೆ.