ಎನ್‌ಕ್ಲೆಕ್ಸ್: ತಕ್ಕಡಿಯನ್ನು ಅಂಕಪಟ್ಟಿಯೆಂದು ಓದಿದಾಗ

85ನೇ ಪ್ರಶ್ನೆಗೇ ಕಂಪ್ಯೂಟರ್ ನಿಂತುಬಿಟ್ಟರೆ ಪಾಸು, 150ರವರೆಗೂ ಎಳೆದರೆ ಫೇಲು. ಅಮೆರಿಕದಲ್ಲಿ ನರ್ಸ್ ಆಗಲು ಬರೆಯಲೇಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯ ಸುತ್ತ ಇಷ್ಟು ಗಟ್ಟಿಯಾಗಿ ಬೇರುಬಿಟ್ಟ ನಂಬಿಕೆ ಇನ್ನೊಂದಿರಲಾರದು. ನಂಬಿಕೆ ತಪ್ಪು. ಮೊದಲ ಸಲ ಬರೆಯುವವರಿಗೆ ಇದು ಕಾರಿಡಾರಿನ ಹರಟೆ ಅಷ್ಟೆ. ಎರಡು ಮೂರು ಸಲ ಫೇಲಾದವರಿಗೆ ಇಂಥ ಮಾತುಗಳೇ ಮುಂದಿನ ತಯಾರಿಯ ದಾರಿ ತಪ್ಪಿಸುತ್ತವೆ. ಬೆಂಗಳೂರಿನಲ್ಲೇ ಪರೀಕ್ಷಾ ಕೇಂದ್ರವಿರುವುದರಿಂದ ಕರ್ನಾಟಕದ ನರ್ಸಿಂಗ್ ಕಾಲೇಜುಗಳಿಂದ ಹೊರಬಂದವರಿಗೂ ಈ ಹರಟೆ ಹೊಸದಲ್ಲ. ಇಂಥ ನಂಬಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಹೆಚ್ಚಿನವುಗಳ ಬುಡದಲ್ಲಿ ಒಂದೇ ತಪ್ಪು ಕಾಣುತ್ತದೆ. ನಾವು ಹುಟ್ಟಿ ಬೆಳೆದದ್ದು ಅಂಕಪಟ್ಟಿಯ ಲೋಕದಲ್ಲಿ. ನೂರಕ್ಕೆ 35 ಬಂದರೆ ದಾಟಿದ ಹಾಗೆ, 34 ಬಂದರೆ ನಪಾಸು. ಈ ಪರೀಕ್ಷೆಯನ್ನೂ ಹಾಗೇ ಓದುತ್ತೇವೆ. ಅದಾದರೋ ತಕ್ಕಡಿಯ ಜಾತಿಗೆ ಸೇರಿದ್ದು.

ಹಳೆಯ ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಅಚ್ಚು ತೂಗುವುದನ್ನು ನೆನೆಸಿಕೊಳ್ಳಿ. ಶೆಟ್ಟರು ಅರ್ಧ ಕೆಜಿಯ ಬಟ್ಟು ಇಡುತ್ತಾರೆ, ತಟ್ಟೆ ಅತ್ತ ವಾಲಿದರೆ ತೆಗೆದು ಕಾಲು ಕೆಜಿ ಇಡುತ್ತಾರೆ, ಸಾಲದಿದ್ದರೆ ನೂರು ಗ್ರಾಂ ಸೇರಿಸುತ್ತಾರೆ. 1994ರಿಂದ ಎನ್‌ಕ್ಲೆಕ್ಸ್ ನಡೆಯುತ್ತಿರುವುದು ಹೀಗೆಯೇ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಸ್ವಲ್ಪ ಕಠಿಣ, ತಪ್ಪಾದರೆ ಸ್ವಲ್ಪ ಸುಲಭ. 2023ರ ಏಪ್ರಿಲ್‌ನಲ್ಲಿ ಬಂದ ಹೊಸ ರೂಪದಲ್ಲಿ ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆ ಸಮಯ. ಅಭ್ಯರ್ಥಿಯ ಸಾಮರ್ಥ್ಯ ನಿಗದಿತ ಗೆರೆಯ ಮೇಲಿದೆಯೋ ಕೆಳಗಿದೆಯೋ ಎನ್ನುವುದು ಶೇಕಡಾ 95ರಷ್ಟು ಖಚಿತವಾದ ಕ್ಷಣಕ್ಕೆ ಕಂಪ್ಯೂಟರ್ ನಿಲ್ಲುತ್ತದೆ. 85ಕ್ಕೇ ನಿಂತಿತೆಂದರೆ ತೂಕ ಸ್ಪಷ್ಟವಾಗಿ ಗೊತ್ತಾಯಿತು ಎಂದರ್ಥ, ಹೆಚ್ಚಾಯಿತೆಂದೂ ಇರಬಹುದು, ಕಡಿಮೆಯಾಯಿತೆಂದೂ ಇರಬಹುದು. 150ರವರೆಗೆ ಹೋಯಿತೆಂದರೆ ತಟ್ಟೆಗಳು ಕೊನೆಯವರೆಗೂ ಹೆಚ್ಚುಕಡಿಮೆ ಸಮವಾಗಿ ತೂಗಾಡುತ್ತಿದ್ದವು ಎಂದರ್ಥ. ಆಗ ಕೊನೆಯ ಅಂದಾಜು ಗೆರೆಗಿಂತ ಕೂದಲೆಳೆಯಷ್ಟು ಮೇಲಿದ್ದರೂ ಪಾಸು. ಎಷ್ಟು ಬಟ್ಟು ಇಟ್ಟು ತೆಗೆದರು ಎಂಬ ಲೆಕ್ಕದಿಂದ ಬೆಲ್ಲದ ತೂಕ ಹೇಳಲಾಗದು.

ಇದರಿಂದ ಇನ್ನೊಂದು ವಿಚಿತ್ರ ಹುಟ್ಟುತ್ತದೆ. ಪ್ರಶ್ನೆಗಳು ಅಭ್ಯರ್ಥಿಯ ಮಟ್ಟಕ್ಕೇ ಹೊಂದಿಕೊಳ್ಳುತ್ತ ಹೋಗುವುದರಿಂದ ಪಾಸಾದವರೂ ಫೇಲಾದವರೂ ಸುಮಾರು ಅರ್ಧದಷ್ಟು ಪ್ರಶ್ನೆಗಳನ್ನು ತಪ್ಪು ಮಾಡಿಯೇ ಹೊರಬರುತ್ತಾರೆ. ವಿಧಾನ ಇರುವುದೇ ಹಾಗೆ. ಕಾಲೇಜಿನಲ್ಲಿ ಎಂಬತ್ತು ತೊಂಬತ್ತು ಕಂಡವರಿಗೆ ಇದು ನರಕದಂತೆ ಅನ್ನಿಸುವುದು ಸಹಜ, ಆದರೆ ಆ ಅನ್ನಿಸಿಕೆಗೂ ಫಲಿತಾಂಶಕ್ಕೂ ಸಂಬಂಧವಿಲ್ಲ. ಕೊನೆಗೆ ಬಂದ ಪ್ರಶ್ನೆ ಸುಲಭವಾಗಿತ್ತು, ಹಾಗಾಗಿ ಹೋಯಿತು ಎಂದು ಅಳುವವರಿದ್ದಾರೆ. ಅಂಕಕ್ಕೆ ಲೆಕ್ಕವಿಲ್ಲದ, ಪ್ರಯೋಗಕ್ಕಾಗಿ ಸೇರಿಸಿದ ಹದಿನೈದು ಪ್ರಶ್ನೆಗಳೂ ನಡುನಡುವೆ ಇರುತ್ತವೆ ಎಂಬುದು ಅವರಿಗೆ ಮರೆತಿರುತ್ತದೆ. ಪರೀಕ್ಷೆ ಮುಗಿದ ಮೇಲೆ, ಅದನ್ನು ನಡೆಸುವ ಪಿಯರ್ಸನ್ ವ್ಯೂ ಸಂಸ್ಥೆಯ ತಾಣದಲ್ಲಿ ಮತ್ತೆ ನೋಂದಣಿಗೆ ಯತ್ನಿಸಿ, ಹಣ ತೆಗೆದುಕೊಳ್ಳದಿದ್ದರೆ ಪಾಸು ಎಂದು ಕುಣಿಯುವ 'ಟ್ರಿಕ್' ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಧಿಕೃತ ಫಲಿತಾಂಶ ಕೊಡುವುದು ಆಯಾ ರಾಜ್ಯದ ನರ್ಸಿಂಗ್ ಮಂಡಳಿ. ಹಾಗೆಯೇ, ಹಿಂದೆ ಫೇಲಾದದ್ದನ್ನು ಕಂಪ್ಯೂಟರ್ ನೆನಪಿಟ್ಟುಕೊಂಡು ಮುಂದಿನ ಸಲ ಕಷ್ಟ ಕೊಡುತ್ತದೆ ಎಂಬುದೂ ಸುಳ್ಳು. ಪ್ರತಿ ಸಲವೂ ತೂಕ ಮೊದಲಿನಿಂದಲೇ.

ಇಲ್ಲಿಗೆ ಬಂದಾಗ ಅಂಕಿಅಂಶ ಬಲ್ಲವರು ಒಂದು ತಕರಾರು ತೆಗೆಯುತ್ತಾರೆ, ಅದು ತಳ್ಳಿಹಾಕುವಂಥದ್ದಲ್ಲ. ಅಮೆರಿಕದಲ್ಲೇ ಓದಿ ಮೊದಲ ಸಲ ಬರೆದವರಲ್ಲಿ 2023ರಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಮಂದಿ ಪಾಸಾದರು. ಮರಳಿ ಬರೆಯುವವರಲ್ಲಿ ಈ ಪ್ರಮಾಣ ಅರ್ಧದ ಆಸುಪಾಸಿನಲ್ಲೇ ಓಡಾಡುತ್ತದೆ. ಹಾಗಾದರೆ ಒಮ್ಮೆ ಫೇಲಾದವರು ಆ ಕೆಲಸಕ್ಕೆ ತಕ್ಕವರಲ್ಲ ಎಂದಾಯಿತಲ್ಲವೇ? ಆಗಲಿಲ್ಲ. ಮರಳಿ ಬರೆಯುವವರ ಗುಂಪಿನಿಂದ ಸಲೀಸಾಗಿ ದಾಟಬಲ್ಲವರೆಲ್ಲ ಆಗಲೇ ಹೊರಟುಹೋಗಿದ್ದಾರೆ. ಉಳಿದವರಲ್ಲಿ ಗೆರೆಗೆ ತಾಗಿಕೊಂಡು ನಿಂತವರೂ ಇದ್ದಾರೆ, ಬಹಳ ದೂರದಲ್ಲಿರುವವರೂ ಇದ್ದಾರೆ. ಆ ಇಬ್ಬರ ಸರಾಸರಿಯನ್ನು ತೆಗೆದು ಒಬ್ಬಳ ಹಣೆಗೆ ಅಂಟಿಸಿದರೆ ಅದು ಲೆಕ್ಕವೂ ಅಲ್ಲ, ನ್ಯಾಯವೂ ಅಲ್ಲ. ಮೇಲಾಗಿ ಈ ಪರೀಕ್ಷೆ ಕೇಳುವುದು ಹೊಸದಾಗಿ ಕೆಲಸಕ್ಕೆ ಸೇರುವವರು ರೋಗಿಗೆ ಅಪಾಯ ತರದಷ್ಟು ನಿರ್ಧಾರಶಕ್ತಿ ಪಡೆದಿದ್ದಾರೆಯೇ ಎಂಬುದನ್ನು ಮಾತ್ರ. ಸಿಗದ ನರಕ್ಕೆ ಸೂಜಿ ಹಾಕುವ ಕೈಚಳಕ, ರಾತ್ರಿಪಾಳಿಯ ತಾಳ್ಮೆ ಪರದೆಗೆ ಕಾಣುವುದಿಲ್ಲ. ಎನ್‌ಕ್ಲೆಕ್ಸ್ ಹೋಯಿತೆಂದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನ ನೋಂದಣಿಯೇನೂ ಹೋಗುವುದಿಲ್ಲ.

ಹೊರದೇಶದವರನ್ನು ಬೇಕೆಂದೇ ಇಂತಿಷ್ಟು ಮಂದಿ ಎಂದು ಫೇಲು ಮಾಡುತ್ತಾರೆ ಎಂಬ ಮಾತು ನಮ್ಮ ಕಡೆ ಚಾಲ್ತಿಯಲ್ಲಿದೆ. ಇಲ್ಲಿ ಕೋಟಾ ಇಲ್ಲ. ಗೆರೆ ಎಲ್ಲರಿಗೂ ಒಂದೇ, ಆ ದಿನ ಬರೆದವರೆಲ್ಲ ದಾಟಿದರೆ ಎಲ್ಲರೂ ಪಾಸು. ಆದರೂ ಹೊರಗಿನವರ ಫಲಿತಾಂಶ ಕಡಿಮೆ ಇರುವುದು ನಿಜ, ಕಾರಣ ಹುಡುಕಬೇಕಾದದ್ದು ಬೇರೆ ಕಡೆ. ಒಂದು ಮಾದರಿ ನೋಡಿ. ಪಾಳಿ ಶುರುವಾಗಿದೆ, ನಾಲ್ವರು ರೋಗಿಗಳು. ಒಬ್ಬರ ಸಕ್ಕರೆ 180. ಒಬ್ಬರಿಗೆ ಅಪೆಂಡಿಕ್ಸ್ ಆಪರೇಷನ್ ಆಗಿದೆ, ನೋವಿನ ಮದ್ದು ಕೇಳುತ್ತಿದ್ದಾರೆ. ಇನ್ನೊಬ್ಬರು ಡಿಸ್ಚಾರ್ಜ್ ತಡವಾಯಿತೆಂದು ಕೂಗಾಡುತ್ತಿದ್ದಾರೆ. ಅಸ್ತಮಾದ ರೋಗಿಗೆ ಇಷ್ಟು ಹೊತ್ತು ಇದ್ದ ಗೊರಗೊರ ಸದ್ದು ತಟ್ಟನೆ ನಿಂತಿದೆ, ತೂಕಡಿಕೆ ಬಂದಂತಿದೆ. ಮೊದಲು ಯಾರ ಬಳಿ ಹೋಗುವಿರಿ? ಸದ್ದು ನಿಂತದ್ದು ಸುಧಾರಣೆಯಂತೆ ಕಾಣುತ್ತದೆ. ನಿಜದಲ್ಲಿ ಗಾಳಿಯೇ ಆಡುತ್ತಿಲ್ಲ, ಹಾಗಾಗಿ ಸದ್ದಿಲ್ಲ. ಅಸ್ತಮಾ ಔಷಧಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರೂ ಇಲ್ಲಿ ಎಡವಬಹುದು. ಬೇರೆ ಪ್ರಶ್ನೆಗಳಲ್ಲಿ ಬರುವ 'ಡಾಕ್ಟರಿಗೆ ತಿಳಿಸಿ' ಎಂಬ ಆಯ್ಕೆ ನಮ್ಮ ವಾರ್ಡುಗಳ ಅಭ್ಯಾಸಕ್ಕೆ ಹಿತವಾಗಿ ಕಾಣುತ್ತದೆ, ಆದರೆ ನರ್ಸ್ ತಾನೇ ಮೊದಲು ಮಾಡಬೇಕಾದದ್ದು ಇರುವಾಗ ಅದು ತಪ್ಪು ಉತ್ತರ. ಯಾವ ಕೆಲಸವನ್ನು ಸಹಾಯಕಿಗೆ ಒಪ್ಪಿಸಬಹುದು ಎಂಬ ಪ್ರಶ್ನೆಗಳಂತೂ, ಮೈ ಒರೆಸುವುದರಿಂದ ಊಟ ಮಾಡಿಸುವವರೆಗೆ ರೋಗಿಯ ಕಡೆಯವರೇ ಮಾಡುವ ಆಸ್ಪತ್ರೆಯಲ್ಲಿ ಪಳಗಿದವರಿಗೆ ಬೇರೆ ಗ್ರಹದ ಮಾತು. ಜೊತೆಗೆ ಹೆಸರಿನ ಗೊಂದಲ: ನಮ್ಮ ಪ್ಯಾರಸಿಟಮಾಲ್ ಅಲ್ಲಿ ಅಸಿಟಮಿನೋಫೆನ್, ಸಾಲ್ಬುಟಮಾಲ್ ಅಲ್ಲಿ ಅಲ್ಬ್ಯೂಟೆರಾಲ್, ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್.

ಹಾಗಿದ್ದರೆ ಇನ್ನೂ ಐದು ಸಾವಿರ ಪ್ರಶ್ನೆ ಬಿಡಿಸಿದರಾಯಿತು ಎಂಬುದು ಮುಂದಿನ ನಂಬಿಕೆ. ಇದರಲ್ಲಿ ಅರ್ಧ ಸತ್ಯವಿದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಚೆನ್ನಾಗಿ ನೆನಪಿಟ್ಟಿದ್ದರು, ಆದರೆ ವಾರದ ನಂತರ ಗೆದ್ದವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು. ಪುಸ್ತಕ ತಿರುವುವುದಕ್ಕಿಂತ ಪ್ರಶ್ನೆ ಬಿಡಿಸುವುದು ಮೇಲು ಎನ್ನಲು ಇದು ಆಧಾರ. ಆದರೆ ಅದೇ ಪ್ರಶ್ನೆ ಮೂರನೇ ಸಲ ಎದುರಾದಾಗ ಸರಿಯಾಗುವುದು ಉತ್ತರದ ಗುರುತಿನಿಂದ, ತಿಳಿವಳಿಕೆಯಿಂದಲ್ಲ. ಉಳಿದ ಮೂರು ಆಯ್ಕೆ ಏಕೆ ತಪ್ಪು ಎಂದು ಹೇಳಲು ಬಾರದಿದ್ದರೆ ಆ ಪ್ರಶ್ನೆ ಇನ್ನೂ ಮುಗಿದಿಲ್ಲ.

ಎಷ್ಟು ಬೇಗ ಮತ್ತೆ ಬರೆಯಬೇಕು? ಕಡ್ಡಾಯವಾಗಿ 45 ದಿನ ಕಾಯಬೇಕು. ಆ 45 ದಿನ ಕನಿಷ್ಠ ಮಿತಿಯೇ ಹೊರತು ಸಲಹೆಯಲ್ಲ. ಮನೆಯವರ 'ಇನ್ನೂ ಆಗಲಿಲ್ವಾ' ತಡೆಯಲಾರದೆ 46ನೇ ದಿನಕ್ಕೇ ಬುಕ್ ಮಾಡುವುದೆಂದರೆ 200 ಡಾಲರ್ ಶುಲ್ಕದ ಜೊತೆ, ಇಲ್ಲಿಂದ ಬರೆಯುವವರಾದರೆ ಇನ್ನೂ 150 ಡಾಲರ್, ಅದೇ ತಪ್ಪಿಗೆ ಮತ್ತೆ ತೆರುವುದು. ಹಾಗೆಂದು ವರ್ಷಗಟ್ಟಲೆ ಮುಂದೂಡಿದರೆ ಕಲಿತದ್ದೂ ಆರುತ್ತದೆ. ಎಷ್ಟು ಸಲ ಬರೆಯಬಹುದು ಎಂಬುದೂ ರಾಜ್ಯಕ್ಕೊಂದು ಬಗೆ. ನ್ಯೂಯಾರ್ಕಿನಲ್ಲಿ ಮಿತಿಯಿಲ್ಲ, ಫ್ಲಾರಿಡಾದಲ್ಲಿ ಮೂರು ಸಲ ಫೇಲಾದರೆ ಮಾನ್ಯತೆ ಪಡೆದ ಮರುಕಲಿಕೆಯ ಕೋರ್ಸ್ ಮುಗಿಸಬೇಕು. ಫೇಲಾದವರಿಗೆ ಮಾತ್ರ ಸಿಗುವ ಒಂದು ವರದಿಯಿದೆ. ಹೆಚ್ಚಿನವರು ಅದನ್ನು ಮುಖ ನೋಡದೆ ಮಡಚಿಡುತ್ತಾರೆ. ಪ್ರತಿ ವಿಭಾಗದ ಎದುರು ಗೆರೆಗಿಂತ ಮೇಲೆ, ಗೆರೆಯ ಹತ್ತಿರ, ಗೆರೆಗಿಂತ ಕೆಳಗೆ ಎಂದು ಅದರಲ್ಲಿ ಬರೆದಿರುತ್ತದೆ. ಎಲ್ಲ ಸಲದ ವರದಿಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಬೇಕು. ಎಲ್ಲ ಸಾಲಿನಲ್ಲೂ 'ಕೆಳಗೆ' ಎಂದೇ ಇದ್ದರೆ ಪ್ರಶ್ನೆ ಬಿಡಿಸುವುದನ್ನು ನಿಲ್ಲಿಸಿ ಮೂಲ ಪಾಠಕ್ಕೆ ಮರಳಬೇಕು, ಅದಕ್ಕೆ ತಿಂಗಳುಗಳೇ ಬೇಕು. ಹೆಚ್ಚಿನವು 'ಹತ್ತಿರ' ಎಂದಿದ್ದು, ರೋಗಿಗಳ ಆದ್ಯತೆ, ಕೆಲಸ ಹಂಚಿಕೆಯ ವಿಭಾಗವೊಂದೇ ಮೂರು ಸಲವೂ 'ಕೆಳಗೆ' ಉಳಿದಿದ್ದರೆ, ನಾಲ್ಕನೇ ಸಲಕ್ಕೆ ಔಷಧಶಾಸ್ತ್ರವನ್ನು ಮೊದಲ ಪುಟದಿಂದ ಶುರು ಮಾಡುವ ಅಗತ್ಯವಿಲ್ಲ.